ಬಣ್ಣ, ಕೂದಲು, ಮುಖಚಹರೆ ಹಿಡಿದು ಮಗುವನ್ನು ಹಂಗಿಸಿದಾಗ: ಹೆತ್ತವರಿಗೂ ಶಿಕ್ಷಕರಿಗೂ ಒಂದು ಸಮಗ್ರ ಮಾರ್ಗದರ್ಶಿ

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಸಿದ್ದಿ ಮಕ್ಕಳು, ಎಂದರೆ ಬಹಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು, ಹುಟ್ಟಿದ್ದು ಈ ನೆಲದಲ್ಲಿ. ಅವರ ಮುತ್ತಜ್ಜಂದಿರೂ ಇಲ್ಲಿಯವರೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಆದರೂ ಪೇಟೆಯ ಬಸ್ ನಿಲ್ದಾಣದಲ್ಲಿ, ಹೊಸದಾಗಿ ಸೇರಿದ ಹಾಸ್ಟೆಲಿನಲ್ಲಿ, ಹುಬ್ಬಳ್ಳಿಯ ಅಂಗಡಿಯಲ್ಲಿ ಅವರನ್ನು ಮೊದಲು ಕೇಳುವ ಮಾತು ‘ನೀನು ಯಾವ ದೇಶದವನು?’ ಎಂಬುದು. ಬೆಂಗಳೂರಿನ ಶಾಲೆಗಳಲ್ಲಿ ಓದುವ ಮಣಿಪುರ, ನಾಗಾಲ್ಯಾಂಡ್, ಅರುಣಾಚಲದ ಮಕ್ಕಳಿಗೂ ಇದೇ ಪ್ರಶ್ನೆ. ಜೊತೆಗೆ ಕಣ್ಣು, ಮೂಗು ಹಿಡಿದು ಇಟ್ಟ ಅಡ್ಡಹೆಸರುಗಳು. 2020ರಲ್ಲಿ ಕೊರೊನಾ ಬಂದಾಗ ಆ ರೋಗದ ಹೆಸರಿನಿಂದಲೇ ಅವರನ್ನು ಕೂಗಿದವರಿದ್ದರು.

ಈ ಬರಹ ಇಂಥ ಮಕ್ಕಳ ತಂದೆತಾಯಿಗಳಿಗೆ, ಅವರಿಗೆ ಪಾಠ ಹೇಳುವ ಮಾಸ್ತರರಿಗೆ, ಅಕ್ಕೋರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ. ಹಂಗಿಸಿದ ಮಗು ತಮ್ಮ ಮನೆಯದೇ ಎಂದು ತಿಳಿದು ಏನು ಮಾಡಬೇಕೆಂದು ತೋಚದವರಿಗೂ ಹೌದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಮಕ್ಕಳಿಗೆ ಕೊಡುವ ಬುದ್ಧಿಮಾತು ಸಾಮಾನ್ಯವಾಗಿ ಮೂರು: ಸುಮ್ಮನಿರು, ಕಿವಿಗೆ ಹಾಕಿಕೊಳ್ಳಬೇಡ, ಚೆನ್ನಾಗಿ ಓದಿ ತೋರಿಸು. ಹೇಳುವವರಿಗೆ ಮಗುವಿನ ಮೇಲೆ ಪ್ರೀತಿಯಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮೂರೂ ಮಾತು ಕೆಲಸವನ್ನು ಹೊರಿಸುವುದು ನೋವುಂಡ ಮಗುವಿನ ಮೇಲೆಯೇ. ಸಹಿಸಬೇಕಾದದ್ದು ಅದು, ಮರೆಯಬೇಕಾದದ್ದು ಅದು, ಗೆದ್ದು ತೋರಿಸಬೇಕಾದದ್ದೂ ಅದೇ. ತಪ್ಪು ಮಾಡಿದವರಿಗೆ ಮಾತ್ರ ಏನೂ ಕೆಲಸವಿಲ್ಲ. ಆ ಹೊರೆಯನ್ನು ಮಗುವಿನ ಹೆಗಲಿನಿಂದ ಇಳಿಸಿ ದೊಡ್ಡವರು ಹೊತ್ತುಕೊಳ್ಳುವುದು ಹೇಗೆ ಎಂಬುದನ್ನೇ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮಗು ಹೇಳಿದ ಮೊದಲ ಹತ್ತು ನಿಮಿಷ

ಮೂರನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಬಂದು ಪಾಟೀಚೀಲವನ್ನು ಮೂಲೆಗೆ ಎಸೆಯುತ್ತಾಳೆ. ನಾಳೆ ಶಾಲೆಗೆ ಹೋಗುವುದಿಲ್ಲ ಎನ್ನುತ್ತಾಳೆ. ಏಕೆಂದು ಕೇಳಿದರೆ ಉತ್ತರವಿಲ್ಲ. ಬಚ್ಚಲಲ್ಲಿ ಕಾಲು ತೊಳೆಯುವಾಗ ತಾನಾಗಿಯೇ ಬಾಯಿಬಿಡುತ್ತಾಳೆ.

“ಅವನು ನನ್ನ ಪಕ್ಕ ಕೂರುವುದಿಲ್ಲವಂತೆ. ಮುಟ್ಟಿದರೆ ಬಣ್ಣ ಅಂಟುತ್ತದಂತೆ.”

“ಹಾಗೆಂದನೇ? ಆಮೇಲೆ?”

“ಎಲ್ಲರೂ ನಕ್ಕರು.”

“ನಿನಗೆ ಏನನ್ನಿಸಿತು ತಂಗೀ?”

“ಅಳು ಬಂತು. ಅಳಲಿಲ್ಲ.”

“ನನಗೂ ಕೇಳಿ ಸಂಕಟವಾಯಿತು. ಅವನು ಹೇಳಿದ್ದು ಸುಳ್ಳು, ಬಣ್ಣ ಯಾರಿಗೂ ಅಂಟುವುದಿಲ್ಲ. ಹೇಳಿದ್ದು ತಪ್ಪೂ ಹೌದು. ನೀನು ಏನೂ ತಪ್ಪು ಮಾಡಿಲ್ಲ. ನನಗೆ ಹೇಳಿದ್ದು ಒಳ್ಳೆಯದಾಯಿತು. ಅಕ್ಕೋರ ಹತ್ತಿರ ನಾನು ಮಾತಾಡುತ್ತೇನೆ. ಏನು ಹೇಳಬೇಕು ಎಂದು ರಾತ್ರಿ ಇಬ್ಬರೂ ಕೂತು ಯೋಚಿಸೋಣ.”

ಈ ತಾಯಿ ಮಾಡಿದ ಕೆಲಸಗಳನ್ನು ಗಮನಿಸಿ. ಮೊದಲು ಕೇಳಿಸಿಕೊಂಡಳು. ನಡುವೆ ಬಾಯಿ ಹಾಕದೆ ‘ಆಮೇಲೆ?’ ಎಂದು ಮಾತನ್ನು ಮುಂದಕ್ಕೆ ಬಿಟ್ಟಳು. ಮಗುವಿನ ಅನಿಸಿಕೆಯನ್ನು ಮಗುವಿನ ಬಾಯಿಂದಲೇ ಬರಿಸಿದಳು. ಆದದ್ದು ತಪ್ಪು, ಆ ತಪ್ಪು ನಿನ್ನದಲ್ಲ ಎಂದು ಬಿಡಿಸಿ ಹೇಳಿದಳು. ಕೊನೆಗೆ ಮುಂದಿನ ಕೆಲಸ ತನ್ನದೆಂದು ಒಪ್ಪಿಕೊಂಡು, ಮಗುವನ್ನೂ ಜೊತೆಗಿಟ್ಟುಕೊಂಡಳು. ಇಷ್ಟೂ ಆ ಹತ್ತು ನಿಮಿಷದಲ್ಲಿ ಆದರೆ ಅರ್ಧ ಕೆಲಸ ಮುಗಿದಂತೆ.

ಆಡಬಾರದ ಮಾತುಗಳೂ ಇವೆ. ‘ತಮಾಷೆಗೆ ಹೇಳಿರಬೇಕು ಬಿಡು’ ಎಂದರೆ ನಿನ್ನ ನೋವು ಸುಳ್ಳು ಎಂದ ಹಾಗೆ. ‘ನೀನು ಮೊದಲು ಏನೆಂದೆ?’ ಎಂದರೆ ತಪ್ಪಿನ ಪಾಲು ಅದಕ್ಕೂ ಹಂಚಿದ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು ‘ನೀನೇನು ಅಷ್ಟು ಕಪ್ಪಲ್ಲ ಬಿಡು’ ಎಂಬ ಸಮಾಧಾನ. ಕಪ್ಪಾಗಿರುವುದು ಕೊರತೆಯೆಂದು ಒಪ್ಪಿಕೊಂಡೇ ಹುಟ್ಟುವ ಮಾತದು. ಹೊರಗೆ ಪೆಟ್ಟು ತಿಂದು ಬಂದ ಮಗುವಿಗೆ ಮನೆಯೊಳಗೆ ಅದೇ ಪೆಟ್ಟನ್ನು ಮೆಲ್ಲಗೆ ಕೊಟ್ಟಂತಾಗುತ್ತದೆ.

ತಂದೆಯಂದಿರಿಗೆ ಇನ್ನೊಂದು ಮಾತು. ‘ಅವರಪ್ಪನ ಹತ್ತಿರ ಈಗಲೇ ವಿಚಾರಿಸಿಕೊಂಡು ಬರುತ್ತೇನೆ’ ಎಂದು ಚಪ್ಪಲಿ ಮೆಟ್ಟುವ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಅದನ್ನು ನೋಡಿದ ಮಗು ತಾನು ಬಾಯಿಬಿಟ್ಟರೆ ಜಗಳವಾಗುತ್ತದೆ ಎಂದು ಕಲಿಯುತ್ತದೆ. ಮುಂದಿನ ಸಲ ಹೇಳುವುದಿಲ್ಲ.

ಹೆಜ್ಜೆ 2: ಬಾಯಿಬಿಡದ ಮಗುವನ್ನು ಗಮನಿಸುವುದು

ಎಷ್ಟೋ ಮಕ್ಕಳು ಹೇಳುವುದೇ ಇಲ್ಲ. ಭಾನುವಾರ ಸಂಜೆ ಹೊಟ್ಟೆನೋವು ಬರುತ್ತದೆ, ರಜೆ ಸಿಕ್ಕರೆ ವಾಸಿಯಾಗುತ್ತದೆ. ಸ್ನಾನದಲ್ಲಿ ಸೋಪು ಹಾಕಿ ಮುಖವನ್ನು ಕೆಂಪಾಗುವವರೆಗೆ ಉಜ್ಜುವುದು, ಪೌಡರ್ ಮೆತ್ತಿಕೊಳ್ಳುವುದು, ಗುಂಪಿನ ಫೋಟೋದಲ್ಲಿ ಹಿಂದೆ ಸರಿಯುವುದು, ಶಾಲೆಗೆ ಅಮ್ಮ ಬರುವುದೇ ಬೇಡ ಎನ್ನುವುದು ಇವೆಲ್ಲ ಲಕ್ಷಣಗಳು. ಅಮ್ಮ ಬೇಡ ಎನ್ನುವ ಮಗುವಿಗೆ ಅಮ್ಮನ ಮೇಲೆ ಸಿಟ್ಟಿಲ್ಲ, ಅವಳನ್ನೂ ಜನ ನೋಡಿ ನಗುತ್ತಾರೆಂಬ ಹೆದರಿಕೆಯಿದೆ.

ಹಾಸ್ಟೆಲಿನಲ್ಲಿ, ಆಶ್ರಮ ಶಾಲೆಯಲ್ಲಿ ಇರುವ ಮಕ್ಕಳ ಹತ್ತಿರ ಮಾತಾಡಲು ಸಿಗುವುದು ವಾರಕ್ಕೊಂದು ಫೋನು. ‘ಚೆನ್ನಾಗಿದ್ದೀಯಾ?’ ಎಂದರೆ ‘ಹೂಂ’ ಎಂಬಲ್ಲಿಗೆ ಮುಗಿಯುತ್ತದೆ. ಬದಲಿಗೆ ಊಟದ ಸಾಲಿನಲ್ಲಿ ನಿನ್ನ ಹಿಂದೆ ಮುಂದೆ ಯಾರಿರುತ್ತಾರೆ, ರಾತ್ರಿ ಯಾರ ಪಕ್ಕ ಮಲಗುತ್ತೀಯ, ನಿನ್ನನ್ನು ಅಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮಗು ತಡವರಿಸಿದರೆ ಅಲ್ಲೇ ನಿಲ್ಲಿ. ಒತ್ತಾಯಿಸದೆ ಮರುವಾರ ಮತ್ತೆ ಕೇಳಿ, ಆಗಲಿಲ್ಲವೆಂದರೆ ಒಮ್ಮೆ ಹೋಗಿ ನೋಡಿ ಬನ್ನಿ.

ಹೆಜ್ಜೆ 3: ವಯಸ್ಸಿಗೆ ತಕ್ಕ ಸತ್ಯ ಹೇಳುವುದು

‘ಇನ್ನೂ ಚಿಕ್ಕ ಮಗು, ಬಣ್ಣಗಿಣ್ಣ ಅದಕ್ಕೇನು ಗೊತ್ತು’ ಎನ್ನುವವರಿದ್ದಾರೆ. ಗೊತ್ತಿರುತ್ತದೆ. ಅಮೆರಿಕದಲ್ಲಿ 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಬಗೆಯ ಗೊಂಬೆಗಳನ್ನಿಟ್ಟು, ಒಳ್ಳೆಯ ಗೊಂಬೆ ಯಾವುದು, ಕೆಟ್ಟದ್ದು ಯಾವುದು ಎಂದು ಕೇಳಿದರು. ಮೂರರಿಂದ ಏಳು ವರ್ಷದ ಆ ಮಕ್ಕಳಲ್ಲಿ ಹೆಚ್ಚಿನವರು ಒಳ್ಳೆಯದೆಂದು ಬಿಳಿಯ ಗೊಂಬೆಯನ್ನು ತೋರಿಸಿದರು. ಆಮೇಲೆ ‘ನಿನ್ನ ಹಾಗಿರುವ ಗೊಂಬೆ ಯಾವುದು?’ ಎಂದಾಗ ಅತ್ತ ಮಕ್ಕಳೂ ಇದ್ದರು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿದ ಮೊಕದ್ದಮೆಯಲ್ಲಿ ಈ ಅಧ್ಯಯನವೂ ಆಧಾರವಾಗಿ ಬಂತು. ನಾವು ಹೇಳದಿದ್ದರೂ ಮಗು ಕಲಿಯುತ್ತದೆ, ಕಲಿಸುವವರು ಬೇರೆಯವರಾಗುತ್ತಾರೆ ಅಷ್ಟೆ.

ಅಂಗನವಾಡಿಯ ವಯಸ್ಸಿನ ಮಗುವಿಗೆ ಮೈಯ ವಿಷಯ ಸರಳವಾಗಿ ಹೇಳಿ. ಚರ್ಮದೊಳಗೆ ಮೆಲನಿನ್ ಎಂಬ ಬಣ್ಣದ ವಸ್ತುವಿದೆ, ಎಲ್ಲರಲ್ಲೂ ಇದೆ, ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಬಿಸಿಲಿನ ಕೆಡುಕಿನಿಂದ ಮೈಯನ್ನು ಕಾಯುವುದು ಅದರ ಕೆಲಸ. ಕೂದಲು ಹುಟ್ಟುವ ಚರ್ಮದ ಗುಳಿಯ ಆಕಾರ ಹೇಗಿದೆಯೋ ಕೂದಲು ಹಾಗೆ ಗುಂಗುರಾಗಿಯೋ ನೇರವಾಗಿಯೋ ಬರುತ್ತದೆ. ಇಷ್ಟು ಸಾಕು. ‘ಬಣ್ಣ ಅಂಟುತ್ತದೆ’ ಎಂದವನಿಗೆ ಆ ಮಗುವೇ ಉತ್ತರ ಹೇಳಬಲ್ಲದು.

ಎಂಟು ಹತ್ತು ವರ್ಷ ದಾಟಿದವರಿಗೆ ಚರಿತ್ರೆ ಬೇಕು, ಅದೂ ಮುಚ್ಚುಮರೆಯಿಲ್ಲದೆ. ಸಿದ್ದಿಗಳ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿ ಬದುಕು ಕಟ್ಟಿಕೊಂಡರು. ನಾಚಿಕೆಪಡಬೇಕಾದವರು ಮನುಷ್ಯರನ್ನು ಮಾರಿದವರು, ತಪ್ಪಿಸಿಕೊಂಡು ಬದುಕಿದವರಲ್ಲ. ಇದನ್ನು ಮಗುವಿಗೆ ಇಷ್ಟೇ ನೇರವಾಗಿ ಹೇಳಬೇಕು.

ಅದರ ಜೊತೆಗೆ ಇನ್ನೊಂದು ಎಳೆಯನ್ನೂ ಹೇಳಿ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ದಖ್ಖನಿಗೆ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತವನ್ನೇ ನಡೆಸಿದ, ಜಹಾಂಗೀರನ ಮೊಗಲ್ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ವಿಜಯಪುರದ ಗೋಳಗುಮ್ಮಟಕ್ಕೆ ಶಾಲಾ ಪ್ರವಾಸ ಹೋಗದ ಮಕ್ಕಳು ಕಡಿಮೆ. ಅಲ್ಲಿ ಸಮಾಧಿಯಾಗಿರುವ ಮೊಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಆಫ್ರಿಕಾ ಮೂಲದ ಪ್ರಬಲ ಮಂತ್ರಿಯಿದ್ದ. ಆ ಕಾಲದ ಚಿತ್ರಗಳಲ್ಲಿ ಅವನ ಮುಖ ಸುಲ್ತಾನನ ಜೊತೆಯಲ್ಲೇ ಕಾಣುತ್ತದೆ. ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ನಲಿಯುವ ತರಗತಿಗೆ ಮಾಸ್ತರರು ಇದನ್ನೂ ಹೇಳಿದರೆ ಆ ದಿನ ಸಿದ್ದಿ ಹುಡುಗನ ಕಡೆಗೆ ತಿರುಗುವ ಕಣ್ಣುಗಳೇ ಬೇರೆಯಾಗುತ್ತವೆ. ಹತ್ತಿರದ ಉದಾಹರಣೆಯೂ ಇದೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ರಾಜ್ಯದ ಶಾಸಕಾಂಗದಲ್ಲಿ ಕುಳಿತ ಮೊದಲ ಸಿದ್ದಿ ಅವರು.

ಹೈಸ್ಕೂಲು, ಪಿಯುಸಿ ಮಕ್ಕಳ ಹತ್ತಿರ ದೊಡ್ಡವರ ಹತ್ತಿರ ಮಾತಾಡುವಂತೆಯೇ ಮಾತಾಡಿ. 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ನಿಡೋ ತಾನಿಯಾ ಎಂಬ ವಿದ್ಯಾರ್ಥಿಯ ಕೂದಲನ್ನು ಅಂಗಡಿಯವರು ಗೇಲಿ ಮಾಡಿದ್ದರಿಂದ ಶುರುವಾದ ಜಗಳ, ಹೊಡೆತ ತಿಂದ ಅವನ ಸಾವಿನಲ್ಲಿ ಮುಗಿಯಿತು. ಆಮೇಲೆ ಈಶಾನ್ಯ ರಾಜ್ಯಗಳವರು ಬೇರೆಡೆ ಎದುರಿಸುವ ತೊಂದರೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. ಗೇಲಿ ಎಂಬುದು ಗೇಲಿಯಲ್ಲೇ ನಿಲ್ಲುವುದಿಲ್ಲ ಎಂಬುದು ಆ ವಯಸ್ಸಿನವರಿಗೆ ತಿಳಿದಿರಬೇಕು.

ಹೆಜ್ಜೆ 4: ಬಾಯಿಗೆ ಮಾತು ಕೊಡುವುದು

ಹಂಗಿಸಿದ ಕ್ಷಣದಲ್ಲಿ ಮಗುವಿನ ನಾಲಿಗೆ ಕಟ್ಟಿಹೋಗುತ್ತದೆ. ಮೊದಲೇ ಅಭ್ಯಾಸವಾದ ಚಿಕ್ಕ ವಾಕ್ಯವಿದ್ದರೆ ಹೊರಬರುತ್ತದೆ. ‘ನನಗೆ ಹೆಸರಿದೆ, ಅದನ್ನೇ ಕರಿ.’ ‘ನನ್ನ ಕೂದಲು ಮುಟ್ಟಬೇಡ.’ ಯಾವ ದೇಶ ಎಂದವರಿಗೆ ‘ನಾನು ಯಲ್ಲಾಪುರದವಳು, ನೀವು?’ ಹೀಗೆ ಮಗುವೇ ಒಪ್ಪಿದ ಒಂದೆರಡು ವಾಕ್ಯ ಆರಿಸಿಕೊಂಡು, ಅಣ್ಣನೋ ಅಕ್ಕನೋ ಹಂಗಿಸುವವರಾಗಿ ನಟಿಸಿ ಆಟದ ಹಾಗೆ ಮಾಡಿ. ದನಿ ಎತ್ತಬೇಕಿಲ್ಲ, ತಲೆ ತಗ್ಗಿಸದೆ ಹೇಳಿದರೆ ಸಾಕು.

ಆದರೆ ಉತ್ತರ ಕೊಡುವುದು ಮಗುವಿನ ಕರ್ತವ್ಯವಲ್ಲ ಎಂಬುದನ್ನೂ ಕಲಿಸಿ. ಎದುರಿಗೆ ಐದು ಜನರಿದ್ದರೆ, ದೊಡ್ಡ ಹುಡುಗರಾದರೆ ಮಾತಿಲ್ಲದೆ ಹೊರಟುಬಂದು ದೊಡ್ಡವರಿಗೆ ಹೇಳುವುದೇ ಸರಿಯಾದ ದಾರಿ. ಅದು ಹೇಡಿತನವಲ್ಲ. ಕೈ ಎತ್ತುವುದು ಮಾತ್ರ ಬೇಡ. ಕೈ ಎತ್ತಿದ ಮರುಕ್ಷಣ ಶಾಲೆಯಲ್ಲಿ ನಡೆಯುವ ವಿಚಾರಣೆ ಅದರದೇ ಆಗುತ್ತದೆ, ಮೊದಲು ಆಡಿದ ಮಾತು ಮರೆಯಾಗುತ್ತದೆ.

ಹೆಜ್ಜೆ 5: ಮನೆಯ ಮಾತನ್ನು ತೊಳೆಯುವುದು

ಬಿಸಿಲಿಗೆ ಹೋಗಬೇಡ, ಇನ್ನೂ ಕಪ್ಪಾಗುತ್ತೀಯ. ತಂಗಿ ಬೆಳ್ಳಗಿದ್ದಾಳೆ, ಅಕ್ಕ ಅಪ್ಪನ ಹಾಗೆ. ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ. ಇಂಥ ಮಾತು ಕರ್ನಾಟಕದ ಯಾವ ಜಾತಿಯ, ಯಾವ ಧರ್ಮದ ಮನೆಯಲ್ಲಿ ಇಲ್ಲ ಹೇಳಿ? ಬಣ್ಣ ‘ಕಡಿಮೆ’ ಎನ್ನುವ ಅಜ್ಜಿಗೆ ಮೊಮ್ಮಗಳ ಮೇಲೆ ಜೀವ. ಆದರೂ ಆ ಮಾತು ಮನೆಯಲ್ಲಿರುವವರೆಗೆ, ಶಾಲೆಯಲ್ಲಿ ಹಂಗಿಸಿದ ಹುಡುಗ ಹೇಳಿದ್ದು ನಿಜವೇ ಇರಬೇಕು ಎಂದು ಮಗುವಿನ ಮನಸ್ಸು ಹೇಳುತ್ತಲೇ ಇರುತ್ತದೆ. ಹಿರಿಯರನ್ನು ಮಗುವಿನ ಎದುರು ತಿದ್ದಲು ಹೋಗಬೇಡಿ. ಒಬ್ಬರೇ ಇದ್ದಾಗ ‘ಅಜ್ಜೀ, ಅವಳಿಗೆ ಶಾಲೆಯಲ್ಲಿ ಹೀಗಾಗಿದೆ, ಮನೆಯಲ್ಲೂ ಕೇಳಿದರೆ ತಡೆಯಲಾರಳು’ ಎಂದು ನಡೆದದ್ದನ್ನು ಹೇಳಿ. ಬಹಳ ಅಜ್ಜಿಯರಿಗೆ ಅಷ್ಟೇ ಸಾಕಾಗುತ್ತದೆ. ಬಿಳಿಚಿಸುವ ಕ್ರೀಮಿನ ಟ್ಯೂಬು ಮನೆಯ ಕನ್ನಡಿಯ ಹತ್ತಿರ ಇದ್ದರೆ ಇವತ್ತೇ ಎಸೆಯಿರಿ.

ಹೆಜ್ಜೆ 6: ಶಾಲೆಗೆ ಹೋಗಿ ಮಾತಾಡುವುದು

ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ದಿನ, ಎಲ್ಲಿ, ಯಾರು, ಯಾವ ಶಬ್ದ, ಯಾರೆಲ್ಲ ಇದ್ದರು. ಬೈಗುಳವಾದರೂ ಆಡಿದ ಮಾತನ್ನು ಇದ್ದ ಹಾಗೆಯೇ ಬರೆಯಿರಿ. ‘ಏನೋ ಅಂದರಂತೆ’ ಎಂಬ ದೂರು ಎಲ್ಲೂ ನಿಲ್ಲುವುದಿಲ್ಲ. ಮೊದಲು ತರಗತಿಯ ಶಿಕ್ಷಕರು, ವಾರದೊಳಗೆ ಏನೂ ಆಗದಿದ್ದರೆ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ. ಅದರ ನಕಲಿನ ಮೇಲೆ ಸ್ವೀಕರಿಸಿದ ಸಹಿ ಪಡೆಯಿರಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಸಭೆಯಲ್ಲಿ ಎತ್ತಬಹುದು, ಅಲ್ಲಿಂದ ಮುಂದೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಕೇಳಬಹುದು. ನಲ್ಲಿ ನೀರು, ಶೌಚಾಲಯದ ಜೊತೆಗೆ ಇದನ್ನೂ ಕೇಳುವ ಧೈರ್ಯವನ್ನು ಹೈಸ್ಕೂಲಿನ ಮಕ್ಕಳಿಗೆ ತುಂಬಿ.

ಏನು ಬೇಕೆಂದು ಕೇಳುವಾಗ ಶಿಕ್ಷೆಯೊಂದನ್ನೇ ಹಿಡಿದು ಕೂರಬೇಡಿ. ಕೇಳಬೇಕಾದದ್ದು ಮುಖ್ಯವಾಗಿ ಎರಡು. ನನ್ನ ಮಗುವನ್ನು ಒಂಟಿಯಾಗಿ ಕೂರಿಸಬಾರದು. ಹಂಗಿಸಿದ್ದು ತಪ್ಪೆಂದು ನಗುತ್ತ ನೋಡಿದ ಇಡೀ ತರಗತಿಗೆ ತಿಳಿಯಬೇಕು, ನನ್ನ ಮಗುವಿನ ಹೆಸರು ಎತ್ತದೆ. ಜಾಗ ಬದಲಾಯಿಸುವುದಿದ್ದರೆ ಹಂಗಿಸಿದವನದ್ದು ಬದಲಾಗಲಿ. ನೊಂದ ಮಗುವನ್ನೇ ‘ನೀನು ಆ ಬೆಂಚಿಗೆ ಹೋಗು’ ಎಂದು ಎಬ್ಬಿಸುವುದು ತುಂಬ ಕಡೆ ನಡೆಯುತ್ತದೆ, ಅದನ್ನು ಒಪ್ಪಬೇಡಿ.

ಶಿಕ್ಷಕರಿಗೆ ಎರಡು ಸೂಕ್ಷ್ಮಗಳನ್ನು ಹೇಳಬೇಕಿದೆ. ಮೊದಲನೆಯದು ಜಡೆಯ ನಿಯಮ. ಹೆಣ್ಣುಮಕ್ಕಳು ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ ಮೇಲಕ್ಕೆ ಮಡಚಿರಬೇಕು ಎಂಬ ನಿಯಮ ನೇರ ಕೂದಲನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಸುರುಳಿ ಸುರುಳಿಯಾಗಿ ಗಟ್ಟಿಯಾಗಿ ಬೆಳೆಯುವ ಕೂದಲು ಹಾಗೆ ಉದ್ದ ಬಿಡುವುದಿಲ್ಲ, ಮಡಚಿದರೆ ನಿಲ್ಲುವುದಿಲ್ಲ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ‘ತಲೆ ಬಾಚಿಕೊಂಡು ಬರಲು ಏನು ದಾಡಿ?’ ಎಂದು ಗದರಿದರೆ, ಮುಂಜಾನೆ ಎಣ್ಣೆ ಹಚ್ಚಿ, ಒದ್ದೆ ಕೂದಲನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬಿಡಿಸುತ್ತ ಬಂದು, ಬಿಗಿಯಾಗಿ ಕಟ್ಟಿ ಕಳಿಸಿದ ತಾಯಿಯ ಶ್ರಮಕ್ಕೂ ಮಗುವಿನ ಮಾನಕ್ಕೂ ಒಟ್ಟಿಗೆ ಏಟು. ಕೂದಲು ಶುಭ್ರವಾಗಿ, ಕಣ್ಣಿಗೆ ಬೀಳದಂತೆ ಕಟ್ಟಿರಬೇಕು ಎಂದು ನಿಯಮ ಬದಲಾಯಿಸಿದರೆ ಶಾಲೆಯ ಶಿಸ್ತು ಎಲ್ಲಿಗೂ ಹೋಗುವುದಿಲ್ಲ.

ಎರಡನೆಯದು ಹೊಗಳಿಕೆಯ ರೂಪದಲ್ಲಿ ಬರುತ್ತದೆ. ‘ನೀವು ಓಟದಲ್ಲಿ ಮುಂದು, ನಿಮಗೆ ರಕ್ತದಲ್ಲೇ ಇದೆ.’ 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವೂ ಇಂಥ ನಂಬಿಕೆಯಿಂದಲೇ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಒಳ್ಳೆಯ ಕ್ರೀಡಾಪಟುಗಳು ಬಂದರು, ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ಓಡುವ ಆಸೆಯಿರುವ ಮಗು ಓಡಲಿ. ಗಣಿತ ಇಷ್ಟವೆನ್ನುವ ಹುಡುಗನನ್ನು ಮೈದಾನಕ್ಕೆ ತಳ್ಳುವುದು ಅವನನ್ನು ನೋಡದೆ ಅವನ ಮೈಯನ್ನಷ್ಟೇ ನೋಡಿದಂತೆ. ಪ್ರತಿ ಸಮಾರಂಭಕ್ಕೂ ಸಿದ್ದಿ ಮಕ್ಕಳನ್ನು ಡಮಾಮಿ ಕುಣಿಸುವುದೂ ಹಾಗೆಯೇ. ಡಮಾಮಿ ಚೆಂದದ ಕಲೆ, ಸಿದ್ದಿ ಹೆಂಗಸರು ಹಳೆಯ ಸೀರೆಗಳಿಂದ ಹೊಲಿಯುವ ಕೌದಿ ನೋಡಿ ಕಲಿಯುವಂಥದ್ದು. ಅವನ್ನು ಎಲ್ಲ ಮಕ್ಕಳಿಗೂ ಕಲಿಸಿ, ಕಲಿಸಲು ಊರಿನ ಹಿರಿಯರನ್ನು ಗೌರವದಿಂದ ಕರೆಸಿ. ಆಗ ಅದು ಪ್ರದರ್ಶನವಾಗಿ ಉಳಿಯದೆ ಪಾಠವಾಗುತ್ತದೆ.

ಹೆಜ್ಜೆ 7: ಹಂಗಿಸಿದವರು ದೊಡ್ಡವರಾದರೆ

ಮಕ್ಕಳ ನಡುವಿನದನ್ನು ಶಾಲೆಯಲ್ಲೇ ತಿದ್ದಬೇಕು. ಶಿಕ್ಷಕರೋ ವಾರ್ಡನ್ನೋ ಊರಿನವರೋ ಅವಮಾನಿಸಿದರೆ ದಾರಿ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ದೂರನ್ನು ಶಿಕ್ಷಣ ಇಲಾಖೆಗೆ, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕೊಡಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು, ಹಣ ಬೇಕಿಲ್ಲ. ಹಾಸ್ಟೆಲಿಗೆ ಹೋಗುವ ಮಗುವಿಗೆ ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ ಕಳಿಸಿ.

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಹಾಗಾಗಿ ಪರಿಶಿಷ್ಟರಲ್ಲದವರು ಸಾರ್ವಜನಿಕರ ಕಣ್ಣೆದುರು ಉದ್ದೇಶಪೂರ್ವಕವಾಗಿ ಅವರನ್ನು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಪೊಲೀಸರಿಗೆ ದೂರು ಕೊಡುವ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ಉಚಿತ ಸಲಹೆ ಪಡೆಯಿರಿ. ಮಗುವನ್ನು ಮತ್ತೆ ಮತ್ತೆ ನಿಲ್ಲಿಸಿ ಅದೇ ಕಥೆ ಹೇಳಿಸುವುದು ಬೇಡ, ಮೊದಲ ದಿನ ಬರೆದ ಹಾಳೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ವಾರಗಳು ಕಳೆದರೂ ಮಗುವಿಗೆ ನಿದ್ದೆ, ಊಟ ಸರಿಹೋಗದಿದ್ದರೆ, ತನಗೆ ತಾನೇ ನೋವು ಮಾಡಿಕೊಂಡರೆ, ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವಿರುತ್ತದೆ.

ಹೆಜ್ಜೆ 8: ಹಂಗಿಸಿದ್ದು ನಿಮ್ಮ ಮಗುವಾದರೆ

ಶಾಲೆಯಿಂದ ಕರೆ ಬಂದ ಕೂಡಲೇ ‘ನಮ್ಮ ಹುಡುಗ ಅಂಥವನಲ್ಲ’ ಎನ್ನಬೇಡಿ. ಹೊಡೆಯಲೂ ಬೇಡಿ. ಹೊಡೆತ ತಿಂದವನು ಕಲಿಯುವುದು ಸಿಕ್ಕಿಬೀಳದಿರುವುದನ್ನು ಮಾತ್ರ. ಕೂರಿಸಿಕೊಂಡು ಏನೆಂದೆ ಎಂದು ಕೇಳಿ, ಆ ಶಬ್ದವನ್ನು ಅವನ ಬಾಯಲ್ಲೇ ಹೇಳಿಸಿ. ಎಲ್ಲಿ ಕಲಿತೆ ಎಂದು ಕೇಳಿ. ಮನೆಯಲ್ಲಿ, ಮೊಬೈಲಿನ ವಿಡಿಯೊದಲ್ಲಿ ಎಂದು ಉತ್ತರ ಬಂದರೆ ತಿದ್ದಿಕೊಳ್ಳುವ ಕೆಲಸ ನಿಮಗೂ ಇದೆ ಎಂದು ಒಪ್ಪಿಕೊಳ್ಳಿ, ಅವನ ಎದುರೇ. ಆಮೇಲೆ ‘ಎಲ್ಲರೂ ನಕ್ಕಾಗ ಅವಳು ಏನು ಮಾಡಿದಳು? ಮುಖ ನೋಡಿದೆಯಾ?’ ಎಂದು ಕೇಳಿ, ಸುಮ್ಮನೆ ಕಾಯಿರಿ.

ಕ್ಷಮೆ ಕೇಳುವಾಗ ‘ನಿನಗೆ ಬೇಜಾರಾಗಿದ್ದರೆ ಸಾರಿ’ ಎಂಬುದು ನಡೆಯದು. ‘ನಾನು ಹೀಗೆಂದೆ, ಅದು ತಪ್ಪು, ಇನ್ನು ಹೇಳುವುದಿಲ್ಲ, ಬೇರೆಯವರು ಹೇಳಿದರೂ ನಗುವುದಿಲ್ಲ’ ಎಂದು ಹೇಳಬೇಕು. ಆಡಿದ್ದು ತರಗತಿಯ ಎದುರಿಗಾದರೆ ಕ್ಷಮೆಯೂ ಅಲ್ಲಿಯೇ ಆಗಬಹುದು, ಆದರೆ ನೊಂದ ಮಗುವಿಗೆ ಅದು ಬೇಕೇ ಎಂದು ಮೊದಲು ಕೇಳಬೇಕು. ಬೇಡ ಎಂದರೆ ಬೇಡ. ಕೂಡಲೇ ಕೈಕುಲುಕಿ ಸ್ನೇಹಿತರಾಗಿ ಎಂದು ಒತ್ತಾಯಿಸುವ ಹಕ್ಕು ನಮಗಾರಿಗೂ ಇಲ್ಲ. ಕ್ಷಮಿಸುವುದು, ಬಿಡುವುದು ಅವಳಿಗೆ ಸೇರಿದ್ದು. ಮರುದಿನದಿಂದ ಅವಳ ಪಕ್ಕದ ಜಾಗ ಖಾಲಿ ಉಳಿಯದ ಹಾಗೆ ನೋಡಿಕೊಳ್ಳುವುದು ಶಿಕ್ಷಕರಿಗೆ ಸೇರಿದ್ದು.